ಒಂದೇ ಬಾಗಿಲಿನ ಮನೆ

ಗೌಂಡಿ ಮಶಾಕಸಾಬನು ಮನೆಯನ್ನು ಕಟ್ಟಿ ಮುಗಿಸಿದ ಮೇಲೂ ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. ಸಿಂದಗಿಯಲ್ಲಿ ಇದೊಂದು ಚೇಷ್ಟೆಯ ಮಾತಾಗಿತ್ತು. "ಮಶಾಕಸಾಬನ ಕೈಲಿ ಮನಿ ಕಟ್ಟಿಸಬ್ಯಾಡ್ರಪಾ, ಮಗಳ್ನ ಕೊಟ್ಟಾಂವನಂಗ ವಾರಕ್ಕೊಮ್ಮೆ ಬಂದು ಕುಂಡರತಾನ" ಎಂದು ಚಹದ ಅಂಗಡಿಯಲ್ಲಿ ಜನ ನಗುತ್ತಿದ್ದರು. ಅವನೂ ನಗುತ್ತಿದ್ದನು. ಮರುವಾರ ಮತ್ತೆ ಹೋಗುತ್ತಿದ್ದನು.

ಅವನ ಮೂಲ ಊರು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿ. ತಂದೆಯೂ ಗೌಂಡಿ, ಅಜ್ಜನೂ ಗೌಂಡಿ. ತೆಳ್ಳಗಿನ ಆಳು, ಸುಣ್ಣ ತಿಂದು ಬಿರಿದ ಬೆರಳುಗಳು, ಗೋಡೆಯನ್ನು ಕಂಡರೆ ಮೊದಲು ಅಂಗೈಯಿಂದ ಒಂದು ಸಲ ತಟ್ಟಿ ನೋಡುವ ಅಭ್ಯಾಸ. ನಾನು ಸಿಂದಗಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಶಾಲೆಯ ಕಾಂಪೌಂಡು ಬಿದ್ದು, ಅದನ್ನು ಕಟ್ಟಲು ಬಂದವನು ಸ್ನೇಹಿತನಾದನು. ನಾನು ಹೇಳಹೊರಟಿರುವುದು ಎಪ್ಪತ್ತೇಳನೆಯ ಇಸವಿಯ ಆರಂಭದ ಆರು ದಿನಗಳ ಸಂಗತಿ. ಅದಕ್ಕೆ ಮೊದಲು ಮುದ್ದೇಬಿಹಾಳದ ಮಾತೊಂದನ್ನು ಹೇಳಬೇಕು.

ಅದಕ್ಕೂ ಮೂರು ವರ್ಷಗಳ ಹಿಂದೆ ಮಶಾಕಸಾಬನು ಒಬ್ಬ ಗುತ್ತಿಗೆದಾರನ ಕೈಕೆಳಗೆ ಮುದ್ದೇಬಿಹಾಳದಲ್ಲಿ ಸರಕಾರದ ಹನ್ನೆರಡು ಜನತಾ ಮನೆಗಳನ್ನು ಕಟ್ಟಿದ್ದನು. ಮನೆಯೆಂಬುದನ್ನೇ ಕಾಣದ ಹನ್ನೆರಡು ಕುಟುಂಬಗಳು ಹೂಮಾಲೆ ಹಾಕಿಸಿಕೊಂಡು ಒಳಗೆ ಹೋದವು. ವರ್ಷದ ನಂತರ ಅವನು ಅದೇ ಊರಿಗೆ ಒಂದು ನಿಕಾಹಕ್ಕೆ ಹೋದಾಗ ಸಹಜವಾಗಿ ತನ್ನ ಮನೆಗಳನ್ನು ನೋಡಲು ಹೋದನು. ಒಂದರಲ್ಲಿ ದನಗಳ ಮೇವಿನ ಜೋಳದ ಕಣಿಕೆ ಒಟ್ಟಿತ್ತು. ಒಂದರಲ್ಲಿ ಯಾರದೋ ಎಮ್ಮೆ ಕಟ್ಟಿತ್ತು. ಉಳಿದವುಗಳಿಗೆ ದೊಡ್ಡ ದೊಡ್ಡ ಬೀಗ. ಹನ್ನೆರಡರಲ್ಲಿ ಒಂದು ಕುಟುಂಬವೂ ಉಳಿದಿರಲಿಲ್ಲ. ಒಬ್ಬನು ಸುಗ್ಗಿಗೆಂದು ಎರಡು ತಿಂಗಳು ಹೊರಗೆ ಹೋಗಿದ್ದನು, ಬರುವಷ್ಟರಲ್ಲಿ ಹೆಸರು ಪಟ್ಟಿಯಿಂದ ಹೋಗಿತ್ತು. ಒಬ್ಬಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು, ತಿರುಗಿ ಬಂದರೆ ಬಾಗಿಲಿಗೆ ಬೇರೆಯವರ ಬೀಗ. ಮಶಾಕಸಾಬನು ಆ ದಿನ ಮದುವೆಯ ಊಟ ಮಾಡದೆ ಬಸ್ಸು ಹತ್ತಿದನಂತೆ.

"ಮಾಸ್ತರ್ರ, ಮನಿ ಕೊಡೂದು ಒಂದ ದಿನದ ಕೆಲಸ. ಮನ್ಯಾಗ ಉಳಸೂದು ವರ್ಷಗಟ್ಟಲೇ ಕೆಲಸ. ಅದಕ್ಕೊಂದು ಖಾತೆ ಎಲ್ಲೂ ಇಲ್ಲ ನೋಡ್ರಿ" ಎಂದು ಅವನು ನನ್ನ ಮುಂದೆ ಹೇಳಿದ್ದು ನನಗಿನ್ನೂ ಚೆನ್ನಾಗಿ ನೆನಪಿದೆ.

ಸಿಂದಗಿಯಲ್ಲಿ ಇಂಡಿ ರಸ್ತೆಯ ಬದಿಯ ಪ್ಲಾಟಿನಲ್ಲಿ ಹದಿನೆಂಟು ಜನತಾ ಮನೆಗಳನ್ನು ಕಟ್ಟುವ ಕೆಲಸವೂ ಅವನ ಪಾಲಿಗೆ ಬಂದಿತು. ಕಲ್ಲಿನ ಗೋಡೆ, ಮೇಲೆ ಹಂಚು, ಒಂದೇ ಕೋಣೆ, ಪಡುವಣಕ್ಕೆ ರಸ್ತೆಯ ಕಡೆ ಒಂದು ಬಾಗಿಲು, ಅದರ ಪಕ್ಕದಲ್ಲಿ ಒಂದು ಕಿಟಕಿ. ಹದಿನೆಂಟರಲ್ಲಿ ಹನ್ನೊಂದು ಮನೆಗಳು ಸಂತೆಯ ಕಟ್ಟೆಗಳ ಮೇಲೆ ಬದುಕುತ್ತಿದ್ದ ಕುಟುಂಬಗಳಿಗೆ ಮಂಜೂರಾದವು. ಸವೆದ ಬೀಸುವ ಕಲ್ಲುಗಳಿಗೆ ಉಳಿಯಿಂದ ಮತ್ತೆ ಕಕ್ಕು ಹೊಡೆದು ಹರಿತ ಮಾಡಿಕೊಡುವುದು ಆ ಜನರ ಕಸುಬು. ಮೂರು ತಲೆಮಾರಿನಿಂದ ಅವರ ಅಡಿಗೆ, ನಿದ್ದೆ, ಹೆರಿಗೆ, ಸಾವು ಎಲ್ಲವೂ ಸಂತೆಯ ಕಟ್ಟೆಯ ಮೇಲೆಯೇ. ಸಂತೆಯ ದಿನ ಗಂಟು ಕಟ್ಟಿ ಬದಿಗೆ ಸರಿಯುವರು, ಸಂತೆ ಎದ್ದ ಮೇಲೆ ಮತ್ತೆ ಬಿಚ್ಚುವರು.

ಅಂಥವರಿಗೆ ಮನೆಯೊಳಗೆ ಇರುವುದು ಸುಲಭವಾಗಲಿಲ್ಲ. ಹದಿನಾಲ್ಕನೆಯ ನಂಬರಿನ ಮನೆಯ ಧೂಳಪ್ಪನ ತಾಯಿ ತಿಪ್ಪವ್ವ ಮೊದಲ ತಿಂಗಳು ಒಳಗೆ ಮಲಗಲೇ ಇಲ್ಲ. "ಯಪ್ಪಾ, ಹಂಚು ಎದಿ ಮ್ಯಾಲ ಕುಂತಂಗ ಆಗತೈತಿ" ಎಂದು ಅಂಗಳಕ್ಕೆ ಹೋಗುತ್ತಿದ್ದಳು. ಕೆಲವರು ಕೋಣೆಯ ನಡುವೆ ಬೆಂಕಿ ಹಾಕಿ, ಹೊಗೆಗೆ ಹೆದರಿ ಹೊರಗೆ ಓಡಿದರು. ಮಶಾಕಸಾಬನು ಮನೆಮನೆಗೂ ಮೂಲೆಯಲ್ಲಿ ಒಲೆ ಹೂಡಿಕೊಟ್ಟನು, ಹೊಗೆ ಹೋಗಲು ಹಂಚಿನ ನಡುವೆ ಕಿಂಡಿ ಮಾಡಿದನು, ಸರಿದ ಹಂಚನ್ನು ಹೇಗೆ ಕೂಡಿಸಬೇಕೆಂದು ಹೆಂಗಸರಿಗೂ ಕಲಿಸಿದನು. ಯಾರಾದರೂ ಊರು ಬಿಟ್ಟು ಕಸುಬಿಗೆ ಹೊರಟರೆ ನೆರೆಯವರಿಗೆ ಆ ಮನೆಯ ಕಸ ಹೊಡೆದು ದೀಪ ಹಚ್ಚಲು ಹೇಳುತ್ತಿದ್ದನು. ಹತ್ತು ತಿಂಗಳಾಗುವಷ್ಟರಲ್ಲಿ ತಿಪ್ಪವ್ವ ಮನೆಯೊಳಗೆ ಮಲಗಿದಳು. ಅವಳ ಮೊಮ್ಮಗಳು ನನ್ನ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಬಂದಳು. ಹನ್ನೊಂದು ಕುಟುಂಬಗಳೂ ಉಳಿದಿದ್ದವು.

ಆ ಜನವರಿಯಲ್ಲಿ ತಿಪ್ಪವ್ವ ತೀರಿಕೊಂಡಳು. ಅದೇ ಹೊತ್ತಿಗೆ ಮಶಾಕಸಾಬನು ಇಂಡಿಗೆ ಹೋಗಿದ್ದನು. ಅಲ್ಲಿ ಇಪ್ಪತ್ನಾಲ್ಕು ಜನತಾ ಮನೆಗಳು ಆಗುವುದಿದ್ದವು. ಗುತ್ತಿಗೆದಾರನು ಅವನನ್ನೇ ಮೇಸ್ತ್ರಿ ಮಾಡುವುದಾಗಿ ಹೇಳಿ, ಜಾಗದ ಅಳತೆಗೆ ಕರೆದೊಯ್ದಿದ್ದನು. ಹೀಗಾಗಿ ಒಂದು ವಾರದ ಸುತ್ತು ತಪ್ಪಿತು. ಮುಂದಿನ ಗುರುವಾರ ಅವನು ಬಂದು ನೋಡಿದಾಗ ಹದಿನಾಲ್ಕನೆಯ ಮನೆಯ ಬಾಗಿಲಿಗೆ ಅಡ್ಡಲಾಗಿ ಜಾಲಿಯ ಮುಳ್ಳು ಕಟ್ಟಿತ್ತು. ಒಳಗೆ ಯಾರೂ ಇರಲಿಲ್ಲ.

ಅವನು ನೇರವಾಗಿ ಸಂತೆಯ ಕಟ್ಟೆಗೆ ಬಂದನು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ನಾನು ಅವನ ಧಾವಂತವನ್ನು ಕಂಡು ಹಿಂದೆಯೇ ಹೋದೆನು. ಧೂಳಪ್ಪನ ಹೆಂಡತಿ ಕಸ್ತೂರೆವ್ವ ಮೂರು ಕಲ್ಲು ಇಟ್ಟು ಅಂಬಲಿ ಕಾಸುತ್ತಿದ್ದಳು. ಪಕ್ಕದಲ್ಲಿ ಗಂಟುಗಳು.

"ಏನ ಬೇ ಕಸ್ತೂರಿ, ಮನಿ ಬಿಟ್ಟು ಇಲ್ಲಿ ಯಾಕ ಕುಂತೀದಿ?"

"ಕಾಕಾ, ಅತ್ತಿ ಪಂಚಕದಾಗ ಹೋದ್ಲು. ಆ ನಕ್ಷತ್ರದಾಗ ಸತ್ರ ಆರ ತಿಂಗಳ ಮುಳ್ಳ ಹಚ್ಚಬೇಕಂತ. ಸಂತಿಗೆ ಬರತಾರಲ್ಲ, ಪಂಚಾಂಗದ ಮಾನಪ್ಪನವರು, ಅವರ ಹೇಳಿದ್ರು."

"ನಿಮ್ಮ ಮಾಂವ ಇದ ಕಟ್ಟೀ ಮ್ಯಾಲ ಸತ್ತಾಗ ಯಾ ನಕ್ಷತ್ರ ಇತ್ತು?"

"ಯಾರಿಗ್ಗೊತ್ತು! ಆವಾಗ ನಮಗ ನಕ್ಷತ್ರ ಎಲ್ಲಿದ್ವು?" ಕಸ್ತೂರೆವ್ವ ಸೌಟನ್ನು ಗಡಿಗೆಯ ಅಂಚಿಗೆ ಬಡಿದಳು. "ಮನಿ ಇಲ್ಲದವರ್ನ ನಕ್ಷತ್ರ ಹಿಡದ್ರೂ ಎಲ್ಲಿಂದ ಹೊರಗ ಹಾಕೀತು? ಈಗ ನಾವೂ ಮನಿ ಮಂದಿ, ಕಾಕಾ. ಮನಿ ಮಂದಿ ಏನ ಮಾಡತಾರೋ ನಾವೂ ಅದನ್ನ ಮಾಡಬೇಕಲ್ಲ? ಇಲ್ಲಾಂದ್ರ ಊರಾಗ ಏನಂತಾರ? ಕಟ್ಟೀ ಮ್ಯಾಲಿನವರಿಗೆ ಮನಿ ಬಂತು, ರೀತಿ ಬರಲಿಲ್ಲ ಅಂತಾರ."

ಅವಳು ಮನೆಯನ್ನು ಅಲಕ್ಷ್ಯ ಮಾಡಿ ಬಿಟ್ಟಿರಲಿಲ್ಲ. ಮನೆಯುಳ್ಳವಳಾಗಿ ಮರ್ಯಾದೆಯಿಂದ ಬಿಟ್ಟಿದ್ದಳು.

ಅಲ್ಲಿಂದ ಹೊರಟು ಚಾವಡಿಯ ಮುಂದೆ ಬಂದಾಗ ಗೋಡೆಗೆ ಹಸಿ ಅಂಟಿನ ಕಾಗದವೊಂದು ಅಂಟಿತ್ತು. ನಾನು ಗಟ್ಟಿಯಾಗಿ ಓದಿದೆನು. ಬರುವ ಮಂಗಳವಾರ ಜನತಾ ಮನೆಗಳ ತಪಾಸಣೆ. ಅಂದು ಯಾವ ಮನೆಯು ಮುಚ್ಚಿರುವುದೋ ಅದರ ಮಂಜೂರಿದಾರನಿಗೆ ಮನೆಯ ಅವಶ್ಯಕತೆಯಿಲ್ಲವೆಂದು ತಿಳಿದು, ಪಟ್ಟಿಯಲ್ಲಿನ ಮುಂದಿನ ಅರ್ಜಿದಾರನಿಗೆ ಕೊಡಲಾಗುವುದು.

ಪಕ್ಕದ ಚಹದ ಅಂಗಡಿಯ ಬಾಕಿನ ಮೇಲೆ ಗುರಣ್ಣ ಕುಳಿತಿದ್ದನು. ಊರಿನಲ್ಲಿ ಎರಡು ಮನೆ, ಒಂದು ಕಣಿಕೆಯ ಹಿತ್ತಲು ಇದ್ದ ಮನುಷ್ಯ. ಬಸಿಯಲ್ಲಿನ ಚಹಕ್ಕೆ ಊದುತ್ತ ಕೇಳಿದನು: "ಹದಿನಾಲ್ಕನೇ ನಂಬರಕ್ಕ ಮುಳ್ಳ ಹಚ್ಯಾರಂತಲ್ಲೋ ಸಾಬ? ಪಾಪ, ಅವರಿಗೆ ಮನಿ ಬ್ಯಾಡಾಗಿರಬೇಕು."

"ಮುಂದಿನ ಹೆಸರು ಯಾರದೈತಿ ಗುರಣ್ಣಾ?"

"ನಮ್ಮ ಅಕ್ಕನ ಮಗಂದು. ಅಂವಗೂ ತಲೀ ಮ್ಯಾಲ ಸೂರಿಲ್ಲ ಅಂತ ನಾನ ಅರ್ಜಿ ಬರಸೇನಿ" ಎಂದು ಅವನು ನಕ್ಕನು.

ಮಶಾಕಸಾಬನ ಮುಖ ಕಪ್ಪಿಟ್ಟಿತು. ಮುದ್ದೇಬಿಹಾಳದ ಬೀಗಗಳು ಅವನ ಕಣ್ಣಮುಂದೆ ಬಂದಿರಬೇಕು. ಗುರುವಾರ ಮುಳುಗುತ್ತಿತ್ತು. ನಡುವೆ ನಾಲ್ಕು ದಿನ.

ಮೊದಲು ಅವನು ಸುಲಭದ ದಾರಿಯನ್ನು ನೋಡಿದನು. ಧೂಳಪ್ಪನನ್ನು ಕರೆದು, ಮಂಗಳವಾರ ಒಂದು ದಿನದ ಮಟ್ಟಿಗೆ ಮುಳ್ಳು ತೆಗೆದು ಒಳಗೆ ಕುಳಿತಿರಲು ಹೇಳಿದನು. ಧೂಳಪ್ಪ ಮೃದು ಮನುಷ್ಯ, ಎದುರು ಮಾತನಾಡಿದವನಲ್ಲ. ಆದರೆ ಅಂದು ತಲೆ ಅಲ್ಲಾಡಿಸಿದನು.

"ಕಾಕಾ, ಪಂಚಕ ಅಂದ್ರ ಒಂದರ ಹಿಂದ ಐದು ಹೋಗತಾವಂತ. ಒಂದ ದಿನಕ್ಕಂತ ಆ ಹೊಸ್ತಲಾ ದಾಟಿ ನನ್ನ ಮಗಳಿಗೆ ಏನಾರ ಆದ್ರ? ಮನಿ ಹೋದ್ರ ಕಟ್ಟಿ ಐತಿ. ಮಗಳು ಹೋದ್ರ ಏನೈತಿ?"

ಇದೆಲ್ಲ ಹುಸಿ ಭಯವೆಂದು ನಾನು ಶಾಲೆಯ ಮಾತಿನಲ್ಲಿ ಹೇಳತೊಡಗಿದೆನು. ಮಶಾಕಸಾಬನು ನನ್ನ ತೋಳನ್ನು ಹಿಡಿದು ಈಚೆಗೆ ತಂದನು. "ಮಾಸ್ತರ್ರ, ನೀವು ಹೇಳೂದು ಖರೇ ಇದ್ದೀತು. ಆದ್ರ ಹೆದರಿದಾಂವನ ಕಾಲು ಖರೇ ಮಾತಿಗೆ ಏಳೂದಿಲ್ಲ. ಅಂವಗ ಹೇಳಿದವರ ಬಾಯಿಂದನ ಬರಬೇಕು."

ಮಾನಪ್ಪನವರು ಇರುವುದು ಬಸವನ ಬಾಗೇವಾಡಿಯಲ್ಲಿ. ಮುಂದಿನ ಸಂತೆಗೆ ಅವರು ಬರುವಷ್ಟರಲ್ಲಿ ತಪಾಸಣೆ ಮುಗಿದಿರುತ್ತಿತ್ತು. ಶುಕ್ರವಾರ ಮಸೀದಿಗೆ ಹೋಗುವುದನ್ನು ಎಂದೂ ತಪ್ಪಿಸದ ಮಶಾಕಸಾಬನು ಆ ಶುಕ್ರವಾರ ಧೂಳಪ್ಪನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೊರಟನು.

ಅಲ್ಲಿ ನಡೆದುದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದರು, ಮಾತು ಮಾತ್ರ ಒಂದೇ ಆಗಿತ್ತು. ಮಾನಪ್ಪನವರು ಕಸುಬಿನಿಂದ ಬಡಿಗರು. ಪಂಚಾಂಗ ನೋಡುವುದು ತಂದೆಯಿಂದ ಬಂದ ವಿದ್ಯೆ. ಅಂಗಳದಲ್ಲಿ ಒಂದು ಬಾಗಿಲಿನ ಚೌಕಟ್ಟಿಗೆ ಹತ್ತರಿ ಹೊಡೆಯುತ್ತಿದ್ದರು.

"ಸ್ವಾಮಿ, ಇವರಿಗೆ ಮನಿ ಬಿಡ್ರಿ ಅಂತ ಹೇಳಿದ್ರಂತಲ್ರಿ" ಎಂದು ಮಶಾಕಸಾಬ ಕೇಳಿದನು.

"ಮನಿ ಬಿಡ್ರಿ ಅಂತ ಯಾರ ಹೇಳ್ಯಾರು? ಬಾಗಲಕ್ಕ ಮುಳ್ಳ ಹಚ್ರಿ ಅಂದೇನಿ."

"ಎರಡೂ ಒಂದ ಅಲ್ಲೇನ್ರಿ?"

"ಹೆಂಗ ಒಂದಾದೀತು?" ಮಾನಪ್ಪನವರು ಹತ್ತರಿಯ ಹೊಟ್ಟನ್ನು ಊದಿದರು. "ಹೆಣ ದಾಟಿದ ಹೊಸ್ತಲಾ ಆರ ತಿಂಗಳ ಮನಿ ಮಂದಿ ದಾಟಬಾರದು, ಅಷ್ಟ. ದೊಡ್ಡ ಮನಿಯವರು ಏನ ಮಾಡತಾರ? ಮುಂದಿನ ಬಾಗಲಾ ಮುಚ್ಚಿ ಹಿತ್ತಲ ಬಾಗಲದಾಗ ಅಡ್ಡಾಡತಾರ. ಅದಕ್ಕೇನು ಯಾರರ ಊರ ಬಿಡತಾರ?"

"ನಮ್ಮ ಮನಿಗೆ ಹಿತ್ತಲ ಬಾಗಲಾ ಇಲ್ರೀ" ಎಂದನು ಧೂಳಪ್ಪ.

ಹತ್ತರಿ ನಿಂತಿತು. ಮಾನಪ್ಪನವರ ಐವತ್ತು ವರ್ಷಗಳ ಶಾಸ್ತ್ರದಲ್ಲಿ ಎರಡು ಬಾಗಿಲಿಲ್ಲದ ಮನೆ ಬಂದೇ ಇರಲಿಲ್ಲ. ಬಡವರ ಗುಡಿಸಲಿಗೂ ಹಿಂದೊಂದು ತಟ್ಟಿಯ ಬಾಗಿಲು ಇರುತ್ತಿತ್ತು.

"ಒಂದ ಬಾಗಲದ ಮನಿ! ಯಾ ಮೂಳ ಕಟ್ಟಿದ್ನೋ ಅದನ್ನ?"

"ನಾನರೀ" ಎಂದನು ಮಶಾಕಸಾಬ.

ಮಾನಪ್ಪನವರು ಎದ್ದು ಹೋಗಿ ಮೂಲೆಯಲ್ಲಿದ್ದ ಹಳೆಯ ಚೌಕಟ್ಟೊಂದನ್ನು ಎಳೆದು ತಂದರು. "ಹಿಂದಿನ ಗೋಡಿ ಯಾ ದಿಕ್ಕಿಗೈತಿ? ಮೂಡಣಕ್ಕ? ಛಲೋ ಆತು. ಬಾಗಲಾ ಹೊಡಿ. ಹಾಲ ಉಕ್ಕಿಸಿ ಅವರು ಒಳಗ ಹೋಗ್ಲಿ. ಮುಂದ ಬಾಗಲಕ್ಕ ಮುಳ್ಳ ಇದ್ದಂಗ ಇರ್ಲಿ. ಏನೂ ಆಗೂದಿಲ್ಲ, ನಾ ಹೇಳತೇನಿ." ಇಷ್ಟನ್ನು ಅವರು ಧೂಳಪ್ಪನ ಕಡೆಗೆ ತಿರುಗಿ ಹೇಳಿದರು.

ಚೌಕಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಇಬ್ಬರೂ ಸಂಜೆಗೆ ತಿರುಗಿ ಬಂದರು. ಧೂಳಪ್ಪನ ಮುಖದಲ್ಲಿ ಜೀವ ಬಂದಿತ್ತು. ಆದರೆ ಮಶಾಕಸಾಬನು ಹಕ್ಕುಪತ್ರವನ್ನು ನನ್ನ ಕೈಗೆ ಕೊಟ್ಟು, "ಹಿಂದಿನ ಮಗ್ಗಲಾ ಸಣ್ಣ ಅಕ್ಷರ ಅದಾವಲ್ರಿ, ಅವನ್ನ ಓದ್ರಿ" ಎಂದನು.

ನಾನು ಓದಿದೆನು. ಆರನೆಯ ಕಲಮು ಹೀಗಿತ್ತು: ಮಂಜೂರಿದಾರನು ಕಟ್ಟಡದಲ್ಲಿ ಯಾವುದೇ ಬದಲಾವಣೆಯನ್ನು ಮಾಡತಕ್ಕದ್ದಲ್ಲ, ಮಾಡಿದಲ್ಲಿ ಮಂಜೂರಿ ರದ್ದಾಗುವುದು.

ಬಿಟ್ಟರೂ ಮನೆ ಹೋಗುತ್ತಿತ್ತು, ಬಾಗಿಲು ಒಡೆದರೂ ಹೋಗುತ್ತಿತ್ತು.

"ಇನ್ನೊಮ್ಮೆ ಓದ್ರಿ. ಸಾವಕಾಶ."

ಇನ್ನೊಮ್ಮೆ ಓದಿದೆನು.

"ಮಂಜೂರಿದಾರ ಅಂದ್ರ ಧೂಳಪ್ಪ. ಗೌಂಡಿ ಅಂತ ಎಲ್ಲ್ಯಾರ ಬರದೈತೇನ್ರಿ?"

"ಇಲ್ಲ."

"ಹಂಗಾದ್ರ ಧೂಳಪ್ಪ ಊರಾಗ ಇರಬಾರದು." ಅವನು ಧೂಳಪ್ಪನ ಹೆಗಲ ಮೇಲೆ ಕೈ ಇಟ್ಟನು. "ನಾಳೆ ಮುಂಜಾನೆ ಗೊಳಸಂಗಿಗೆ ಹೋಗು. ಅಲ್ಲಿ ನಮ್ಮ ಮಂದಿ ಅದಾರ, ಮನೀಗೊಂದು ಬೀಸುಕಲ್ಲ ಐತಿ. ಸೋಮವಾರ ಸಂಜೀತನಾ ಕಕ್ಕ ಹೊಡಕೋತ ಇರು. ಕಸ್ತೂರಿ ಕಟ್ಟೀ ಮ್ಯಾಲ ಇರ್ಲಿ, ಪ್ಲಾಟಿನ ಕಡೆ ಹಾಯಬಾರದು. ನಿಮ್ಮನ್ನ ಕೇಳಲಾರದ ನಾ ಗೋಡಿ ಒಡದೇನಿ, ತಿಳೀತಿಲ್ಲ?"

"ನಿನಗ ಏನಾರ ಮಾಡಿದ್ರ, ಕಾಕಾ?"

"ನನಗೇನ ಮಾಡತಾರ, ನನ್ನ ಹೆಸರಿಲೆ ಮನಿ ಐತೇನು ರದ್ದ ಮಾಡಾಕ?"

ಅವನ ಹೆಸರಿನಲ್ಲಿದ್ದುದು ಇಂಡಿಯ ಕೆಲಸ. ಗುತ್ತಿಗೆದಾರನು ಸರಕಾರಿ ಸಾಹೇಬರ ಸಿಟ್ಟಿಗೆ ಬಹಳ ಹೆದರುವವನೆಂಬುದು ಎಲ್ಲರಿಗೂ ಗೊತ್ತಿತ್ತು. ಮಶಾಕಸಾಬನ ಹೆಂಡತಿ ಶಮಶಾದಬಿ ಈ ಸುದ್ದಿ ಕೇಳಿ, "ಉಣ್ಣೂ ಅನ್ನದಾಗ ನಿನ್ನ ಕೈಲೇ ಕಲ್ಲ ಹಾಕ್ಕೊಳ್ಳಾಕತ್ತೀದಿ. ಮಂದಿ ಮನಿ ಕಾಯಾಂವ, ನಿನ್ನ ಮನಿ ಯಾರ ಕಾಯಬೇಕು?" ಎಂದು ಒಂದು ಹೊತ್ತು ಮಾತು ಬಿಟ್ಟಳು. ರವಿವಾರ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಸೆರಗು ಬಿಗಿದು ಮಣ್ಣಿನ ಬುಟ್ಟಿ ಹೊರುತ್ತಿದ್ದವಳು ಅವಳೇ.

ಕಲ್ಲಿನ ಗೋಡೆಯಲ್ಲಿ ಹೊಸ ಬಾಗಿಲು ಬಿಡಿಸುವುದು ಗೋಡೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಆ ಮನೆಯ ಹಿಂದಿನ ಗೋಡೆಯ ಮೇಲೆಯೇ ಹಂಚಿನ ಜಂತಿಗಳು ಕುಳಿತಿದ್ದವು. ಕಲ್ಲು ತೆಗೆದಾಗ ಭಾರ ಸರಿದರೆ ಗೋಡೆಯೂ ಮಾಡೂ ಒಟ್ಟಿಗೇ ಬರುವವು. ಆಗ ಹದಿನಾಲ್ಕನೆಯ ಮನೆಯೆಂಬುದೇ ಉಳಿಯುತ್ತಿರಲಿಲ್ಲ. ಮುಳ್ಳು ಹಚ್ಚಿದ ಬಾಗಿಲಿನಿಂದ ಮಶಾಕಸಾಬನು ಒಳಗೆ ಹೋಗಲಿಲ್ಲ. ಮೇಲೆ ಹತ್ತಿ, ನಾಲ್ಕು ಸಾಲು ಹಂಚು ತೆಗೆದು, ಹಗ್ಗ ಹಿಡಿದು ಇಳಿದನು. ಜಂತಿಗಳಿಗೆ ಒಳಗಿನಿಂದ ಎರಡು ಕಂಬ ಕೊಟ್ಟನು. ಬಾಗಿಲಿನ ತಲೆಯ ಮಟ್ಟದಲ್ಲಿ ಮೊದಲು ಒಂದು ಸೀಳು ಬಿಡಿಸಿ, ಅದರಲ್ಲಿ ಉದ್ದನೆಯ ಕಲ್ಲಿನ ತೊಲೆಯನ್ನು ಸೇರಿಸಿ, ಆಮೇಲೆ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಬೇಕೆಂಬುದು ಅವನ ಎಣಿಕೆ. ಉಳಿದ ಹತ್ತು ಮನೆಗಳ ಗಂಡಸರು ತಮ್ಮ ಉಳಿಗಳನ್ನು ತಂದಿದ್ದರು. ಹೆಂಗಸರು ಕಲ್ಲನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ತೊಲೆ ಸೇರಿತು. ಸಾಯಂಕಾಲ ನಾಲ್ಕನೆಯ ಸಾಲಿನ ಕಲ್ಲು ತೆಗೆಯುವಾಗ ಗೋಡೆಯೊಳಗಿನಿಂದ ಒಂದು ಸಪ್ಪಳವಾಯಿತು. ದೊಡ್ಡದಲ್ಲ, ಒಣ ಕಟ್ಟಿಗೆ ಮುರಿದಷ್ಟು. ತೊಲೆಯ ತುದಿಯಿಂದ ಮಾಡಿನವರೆಗೆ ಕೂದಲೆಳೆಯಂಥ ಬಿರುಕು ಓಡಿತು. ಅದರಿಂದ ಸಣ್ಣಗೆ ಮಣ್ಣು ಸುರಿಯತೊಡಗಿತು.

"ಯಾರೂ ಅಲಗಾಡಬ್ಯಾಡ್ರಿ" ಎಂದನು ಮಶಾಕಸಾಬ.

ಅವನು ಅಂಗೈಯನ್ನೂ ಕಿವಿಯನ್ನೂ ಗೋಡೆಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನು. ಮೇಲಿನ ಹಂಚೊಂದು ಜಾರಿ ಅವನ ಕಾಲ ಬಳಿ ಬಿದ್ದು ಒಡೆಯಿತು. ಅವನು ಕದಲಲಿಲ್ಲ. ಹೆಂಗಸೊಬ್ಬಳು ಎತ್ತಿದ ಕಲ್ಲನ್ನು ಎದೆಗೆ ಒತ್ತಿಕೊಂಡು ಹಾಗೆಯೇ ನಿಂತಿದ್ದಳು, ಕೆಳಗಿಡಲೂ ಹೆದರಿ. ಮಣ್ಣು ಸುರಿಯಿತು, ಸುರಿಯಿತು, ಆಮೇಲೆ ನಿಂತಿತು. ಅವನು ಕಣ್ಣು ತೆರೆಯದೆ ಕೈ ಚಾಚಿ, "ಸಪ್ಪಳ ಮಾಡದ ಎರಡು ಚಪ್ಪಟಿ ಚಿಪ್ಪು ಕೊಡ್ರಿ" ಎಂದನು. ಕಲ್ಲಿನ ಚಿಪ್ಪುಗಳನ್ನು ತೊಲೆಯ ತುದಿಗೆ ಬೆರಳಿನಿಂದ ತುರುಕಿ, ಉಳಿಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿದನು. ಬಿರುಕು ಮುಂದೆ ಹೋಗಲಿಲ್ಲ. ಆಗ ಅವನು ಕುಳಿತನು. ಒಂದು ಬೀಡಿ ಹಚ್ಚಿದನು.

ಗುರಣ್ಣ ರಸ್ತೆಯ ಮೇಲೆ ನಿಂತು ನೋಡುತ್ತಿದ್ದನು. "ಸಾಬ, ಸರಕಾರಿ ಗೋಡಿ ಒಡ್ಯಾಕತ್ತೀದಿ. ಬುದ್ಧಿ ನೆಟ್ಟಗೈತೋ ಇಲ್ಲೋ? ಮಂಗಳವಾರ ಸಾಹೇಬ್ರ ಮುಂದ ನಾ ಸುಳ್ಳ ಹೇಳೂದಿಲ್ಲ ನೋಡು."

"ಹೇಳಬ್ಯಾಡ ಗುರಣ್ಣಾ. ಖರೇ ಹೇಳು. ಮಶಾಕಸಾಬ ಒಡದ ಅಂತನ ಹೇಳು, ಮತ್ತೊಬ್ಬರ ಹೆಸರ ಹೇಳೀಗೀಳಿ."

ಸೋಮವಾರ ಮಧ್ಯಾಹ್ನಕ್ಕೆ ಚೌಕಟ್ಟು ಕುಳಿತಿತು. ಹೊತ್ತು ಇಳಿಯುವ ಮುನ್ನ ಕಸ್ತೂರೆವ್ವ ಮೂಡಣದ ಹೊಸ್ತಿಲಿಗೆ ಅರಿಸಿನ ಹಚ್ಚಿ, ಒಳಗೆ ಹೋಗಿ ಹಾಲು ಉಕ್ಕಿಸಿದಳು. ಮಗಳನ್ನು ಒಳಗೆ ಕರೆಯುವಾಗ ಮಾತ್ರ ಅವಳ ದನಿ ಸಣ್ಣಗಾಯಿತು. ಅರ್ಧ ಗಳಿಗೆ ಹುಡುಗಿಯ ಕೈಯನ್ನು ಬಿಡಲೇ ಇಲ್ಲ.

ಮಂಗಳವಾರ ಹತ್ತು ಗಂಟೆಗೆ ಸಾಹೇಬರು ಬಂದರು. ತಾಲೂಕಿಗೆ ಹೊಸಬರು, ಮಾತು ನಮ್ಮ ಕಡೆಯದೇ ಆದರೂ ನಗು ಕಡಿಮೆ. ಪಂಚನಾಮೆಗೆ ಸಾಕ್ಷಿ ಬೇಕೆಂದು ನನ್ನನ್ನು ಶಾಲೆಯಿಂದ ಕರೆಸಿದ್ದರು. ಹದಿಮೂರು ಮನೆಗಳು ಬೇಗ ಮುಗಿದವು. ಹದಿನಾಲ್ಕನೆಯದರ ಮುಂದೆ ಬಂದು, ಬಾಗಿಲಿನ ಮುಳ್ಳನ್ನು ನೋಡಿ, ಅವರು ಪೆನ್ನು ತೆಗೆದರು.

"ಮುಚ್ಚೈತಿ."

"ನಾ ಮೊದಲ ಹೇಳಿದ್ನಲ್ರಿ ಸಾಹೇಬ್ರ" ಎಂದು ಗುರಣ್ಣ ಮುಂದೆ ಬಂದನು.

ಅಷ್ಟರಲ್ಲಿ ಮನೆಯೊಳಗಿನಿಂದ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಸಾಹೇಬರ ಪೆನ್ನು ಕಾಗದದ ಮೇಲೆಯೇ ನಿಂತಿತು.

"ಒಳಗ ಯಾರದಾರ?"

"ಮನಿಯವರು ಅದಾರ್ರಿ" ಎಂದನು ಮಶಾಕಸಾಬ.

"ಮುಳ್ಳ ಹಚ್ಕೊಂಡು ಒಳಗ ಹೆಂಗ ಹೋದ್ರು? ಹಾರಿ ಹೋದ್ರೇನು?"

"ಹಿಂದ ಬರ್ರಿ ಸಾಹೇಬ್ರ."

ಎಲ್ಲರೂ ಮನೆಯನ್ನು ಸುತ್ತಿ ಹಿಂದೆ ಬಂದೆವು. ಕಸ್ತೂರೆವ್ವ ಒಲೆಯ ಮುಂದಿನಿಂದ ಎದ್ದು ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿಕೊಂಡು ನಿಂತಳು. ರಾತ್ರಿ ಗೊಳಸಂಗಿಯಿಂದ ಬಂದಿದ್ದ ಧೂಳಪ್ಪ ಅವಳ ಹಿಂದೆ. ಸಾಹೇಬರು ಹೊಸ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದರು. ನಕಾಶೆಯನ್ನು ಬಿಚ್ಚಿದರು. ಮತ್ತೆ ಬಾಗಿಲನ್ನು ನೋಡಿದರು.

"ಇದು ನಕಾಶೆದಾಗ ಇಲ್ಲ. ಯಾರ ಹೊಡದ್ರು ಇದನ್ನ?"

ಧೂಳಪ್ಪ ಒಂದು ಹೆಜ್ಜೆ ಮುಂದಿಟ್ಟನು. "ಸಾಹೇಬ್ರ, ಅದು ನಮ್ಮ ಸಲವಾಗಿ—"

"ನೀ ಸುಮ್ಮನಿರು!" ಮಶಾಕಸಾಬನು ಅಷ್ಟು ಗಟ್ಟಿಯಾಗಿ ಗದರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನೀ ಊರಾಗ ಇದ್ದಿಲ್ಲ, ನಿನಗೇನ ಗೊತ್ತು? ಸಾಹೇಬ್ರ, ನಾ ಹೊಡದೇನ್ರಿ. ಇವರ್ನ ಕೇಳಿಲ್ಲ. ಈ ಮನಿ ಕಟ್ಟಿದಾಂವ ನಾನ. ಕಟ್ಟುವಾಗ ಒಂದ ತಪ್ಪ ಮಾಡಿದ್ದೆ, ತಿದ್ದೇನಿ."

"ಏನ ತಪ್ಪು?"

"ಈ ಮನ್ಯಾಗ ಯಾರೂ ಸಾಯೂದಿಲ್ಲ ಅಂತ ತಿಳಕೊಂಡು ಒಂದ ಬಾಗಲಾ ಇಟ್ಟಿದ್ನಿರೀ."

ಸಾಹೇಬರು ತಿರುಗಿ, ಗೋಡೆಯ ಆಚೆ ಕಾಣದ ಮುಳ್ಳಿನ ಕಡೆಗೆ ಒಮ್ಮೆ ನೋಡಿದರು. ಅವರೂ ಈ ಸೀಮೆಯವರೇ; ಪಂಚಕವೆಂದರೇನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಕಸ್ತೂರೆವ್ವನನ್ನು ಕೇಳಿದರು: "ಯಾವಾಗಿಂದ ಇದ್ದೀಯವ್ವಾ ಇಲ್ಲಿ?"

ಅವಳಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ನಾವು ಅದನ್ನು ಯೋಚಿಸಿಯೇ ಇರಲಿಲ್ಲ.

"ಹತ್ತ ತಿಂಗಳಾತ್ರಿ. ನಡುವ ಹತ್ತ ದಿನ ಮುಳ್ಳ ಹಚ್ಚಿ ಕಟ್ಟೀ ಮ್ಯಾಲ ಇದ್ನಿರೀ. ನಿನ್ನೆ ಸಂಜಿಗೆ ಬಂದೆ."

"ಕೇಳಿದ್ರೇನ್ರಿ! ತನ್ನ ಬಾಯಿಂದನ ಹೇಳಿದ್ಲು!" ಗುರಣ್ಣ ತೊಡೆ ತಟ್ಟಿದನು.

ಮಶಾಕಸಾಬನು ಕಣ್ಣು ಮುಚ್ಚಿದನು. ಸಾಹೇಬರು ಫಾರ್ಮನ್ನು ಕಣ್ಣಿನ ಹತ್ತಿರ ತಂದು ಓದಿದರು, ಅದರಲ್ಲಿ ಏನಿದೆಯೆಂದು ಗೊತ್ತಿಲ್ಲದವರ ಹಾಗೆ.

"ಗುರಣ್ಣ, ಇಲ್ಲಿ ‘ಇಂದು’ ಅಂತ ಛಾಪಿಸ್ಯಾರ. ನಿನ್ನೆ ಮೊನ್ನೆ ಕೇಳಿಲ್ಲ" ಎಂದರು. ಬರೆದುದನ್ನು ನಾನು ಪಕ್ಕದಲ್ಲಿ ನಿಂತು ಕಂಡೆನು: ಇಂದು ವಾಸವಿದ್ದಾರೆ.

ಆಮೇಲೆ ಚೀಲದಿಂದ ಇನ್ನೊಂದು ಹಾಳೆ ತೆಗೆದರು. "ನಿನ್ನ ಹೆಸರು ಹೇಳು ಗೌಂಡಿ." ಸರಕಾರಿ ಕಟ್ಟಡಕ್ಕೆ ಅನುಮತಿಯಿಲ್ಲದೆ ಧಕ್ಕೆ ಮಾಡಿದವನು ಮಶಾಕಸಾಬ, ಮೂಲ ಊರು ಗೊಳಸಂಗಿ, ಮಂಜೂರಿದಾರನಿಗೆ ಇದರ ಸಂಬಂಧವಿಲ್ಲ, ಹಿಂದಿನ ಬಾಗಿಲನ್ನು ಸ್ವಂತ ಖರ್ಚಿನಿಂದ ಮುಚ್ಚತಕ್ಕದ್ದು. ಅವಧಿಯ ಜಾಗದಲ್ಲಿ ಪೆನ್ನು ಒಂದು ಕ್ಷಣ ತಡೆದು, "ಆರು ತಿಂಗಳೊಳಗಾಗಿ" ಎಂದು ಬರೆಯಿತು. ಬರೆಯುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಒಂದು ಪ್ರತಿ ಗುತ್ತಿಗೆದಾರನಿಗೆ ಎಂದೂ ಸೇರಿಸಿದರು. ಮಶಾಕಸಾಬನು ಸಹಿ ಮಾಡಿದನು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆನು.

ಇಂಡಿಯ ಇಪ್ಪತ್ನಾಲ್ಕು ಮನೆಗಳ ಕೆಲಸ ಬೇರೆ ಮೇಸ್ತ್ರಿಗೆ ಹೋಯಿತು. ಮತ್ತೆಂದೂ ಯಾವ ಗುತ್ತಿಗೆದಾರನೂ ಮಶಾಕಸಾಬನನ್ನು ಸರಕಾರಿ ಕೆಲಸಕ್ಕೆ ಕರೆಯಲಿಲ್ಲ. ಆ ಬೇಸಿಗೆ ಅವನು ತೊಗರಿಯ ಗೋದಾಮುಗಳ ಗೋಡೆಗೆ ಗಿಲಾವು ಮಾಡಿದನು, ದನಗಳ ಗೋದಲಿ ಕಟ್ಟಿದನು. ಗುರುವಾರ ಮಾತ್ರ ಕೆಲಸ ಬಿಟ್ಟು ಪ್ಲಾಟಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಶಮಶಾದಬಿ ಬುತ್ತಿ ಕಟ್ಟುವಾಗ ಗೊಣಗುವುದನ್ನೂ ನಿಲ್ಲಿಸಲಿಲ್ಲ.

ಆಷಾಢದಲ್ಲಿ ಆರು ತಿಂಗಳು ತುಂಬಿದವು. ಧೂಳಪ್ಪ ಮುಂದಿನ ಬಾಗಿಲಿನ ಮುಳ್ಳನ್ನು ತೆಗೆದನು. ಮರುದಿನ ಮಶಾಕಸಾಬನು ಹಿಂದಿನ ಬಾಗಿಲನ್ನು ಮುಚ್ಚಲು ಬಂದಾಗ ಕಸ್ತೂರೆವ್ವ ಚೌಕಟ್ಟಿನ ನಡುವೆ ಕಾಲು ಚಾಚಿ ಕುಳಿತುಬಿಟ್ಟಿದ್ದಳು.

"ಮುಚ್ಚಗೊಡೂದಿಲ್ಲ. ಮುಚ್ಚೂದಿದ್ರ ನನ್ನನ್ನೂ ಸೇರಿಸಿ ಕಟ್ಟು."

"ಏಳ ಬೇ, ಹುಚ್ಚಿ. ಕಾಗದ ಬರದ ಕೊಟ್ಟೇನಿ. ಮುಚ್ಚಲಿಲ್ಲಂದ್ರ ನಾಳೆ ಮತ್ತ ನಿಮ್ಮ ಮನೀ ಮ್ಯಾಲ ಬರತೈತಿ."

ಅವಳು ಬಹಳ ಹೊತ್ತಿನ ಮೇಲೆ ಎದ್ದಳು. ಅವನು ಚೌಕಟ್ಟನ್ನು ಕೀಳಲಿಲ್ಲ. ಅದರ ನಡುವೆ ಕಲ್ಲುಗಳನ್ನು ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ ಜೋಡಿಸತೊಡಗಿದನು. ಮಣ್ಣಿನ ಬುಟ್ಟಿ ಕಾಣದಿದ್ದುದರಿಂದ ನಾನು ಕೇಳಿದೆನು. "ಕಾಗದದಾಗ ಮುಚ್ಚು ಅಂತ ಐತ್ರಿ ಮಾಸ್ತರ್ರ. ಮಣ್ಣ ಹಚ್ಚು ಅಂತ ಇಲ್ಲ" ಎಂದು ಅವನು ಕೊನೆಯ ಕಲ್ಲನ್ನು ಚಿಪ್ಪಿನಿಂದ ಬಿಗಿದನು.

ಎಂಟು ದಿನಗಳ ಮೇಲೆ ಕಚೇರಿಯ ಸಿಪಾಯಿ ಬಂದು, ಗೋಡೆಯನ್ನು ಕೈಯಿಂದ ದೂಡಿ ನೋಡಿ, ಮುಚ್ಚಿದೆಯೆಂದು ಬರೆದುಕೊಂಡು ಹೋದನು. ಅವನು ರಸ್ತೆಯ ತಿರುವು ದಾಟಿದ ಮೇಲೆ ಕಸ್ತೂರೆವ್ವ ಮೇಲಿನ ಎರಡು ಕಲ್ಲುಗಳನ್ನು ತೆಗೆದು ಕೆಳಗಿಟ್ಟು, ಒಲೆಯ ಕಡೆಗೆ ಗಾಳಿ ಬರಲೆಂದು ಹೇಳಿ, ರೊಟ್ಟಿ ಬಡಿಯಲು ಕುಳಿತಳು.